ಒಂದೇ ಆವರಣದ ಎರಡು ಶಾಲೆಗಳು: ಮಠಗಳ ವಿದ್ಯಾಸಂಸ್ಥೆಗಳ ಹಿರಿಯರಿಗೆ ಬಹಿರಂಗ ಪತ್ರ

ಪರಮಪೂಜ್ಯ ಮಠಾಧೀಶರಿಗೂ ನಾಡಿನ ಮಠಗಳ ವಿದ್ಯಾಸಂಸ್ಥೆಗಳ ಆಡಳಿತ ಮಂಡಳಿಯ ಹಿರಿಯರಿಗೂ ಭಕ್ತಿಪೂರ್ವಕ ಶರಣು ಶರಣಾರ್ಥಿಗಳು.

ನಾನು ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವನು. ಮುಂದೆ ಮಠವೇ ನಡೆಸುವ ಅನುದಾನಿತ ಪ್ರೌಢಶಾಲೆಯಲ್ಲಿ ಶಿಕ್ಷಕನಾಗಿ, ಕೊನೆಗೆ ಮುಖ್ಯೋಪಾಧ್ಯಾಯನಾಗಿ ಕೆಲಸ ಮಾಡಿ ನಿವೃತ್ತನಾದವನು. ಯಾವುದೋ ಒಂದು ಮಠದ ಮೇಲಿನ ದೂರಾಗಿ ಈ ಪತ್ರವನ್ನು ಬರೆಯುತ್ತಿಲ್ಲ. ಊರೂರಿನಲ್ಲಿ ಒಂದೇ ಬಗೆಯ ಸಂಕಟ ಇರುವುದರಿಂದ ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ.

ಮಠಗಳ ಹಳೆಯ ಕನ್ನಡ ಶಾಲೆಗಳಲ್ಲಿ ದಾಖಲಾತಿ ಕುಸಿಯುತ್ತಿದೆ. ಜೂನ್ ಬಂತೆಂದರೆ ಶಿಕ್ಷಕರು ಹಳ್ಳಿ ಹಳ್ಳಿ ತಿರುಗಿ, ಬ್ಯಾಗು ಕೊಡುತ್ತೇವೆ, ಸಮವಸ್ತ್ರ ಕೊಡುತ್ತೇವೆ ಎಂದು ಮಕ್ಕಳನ್ನು ಕೇಳಿಕೊಂಡು ಬರಬೇಕಾದ ಸ್ಥಿತಿ ಇದೆ. ಆಡಳಿತ ಮಂಡಳಿಗಳು ಇದನ್ನು ಗಮನಿಸಿಲ್ಲವೆಂದು ಹೇಳಲಾರೆ. ಸಭೆಗಳು ನಡೆಯುತ್ತಿವೆ, ಐದು ವರ್ಷದ ಯೋಜನೆ, ಹತ್ತು ವರ್ಷದ ಯೋಜನೆ ಸಿದ್ಧವಾಗುತ್ತಿವೆ. ಆದರೆ ನನ್ನ ಕಣ್ಣಿಗೆ ಬಿದ್ದ ಯೋಜನೆಗಳಲ್ಲೆಲ್ಲ ಇರುವುದು ಹೊಸ ಕಟ್ಟಡ, ಹೊಸ ಬಸ್ಸು, ಗೋಡೆಗೊಂದು ಡಿಜಿಟಲ್ ಫಲಕ, ಸಿಬಿಎಸ್‌ಇ ಮಾನ್ಯತೆ ಮತ್ತು ಹೆಸರಿನ ಮುಂದೆ ಸೇರಿಸಲು ‘ಇಂಟರ್‌ನ್ಯಾಷನಲ್’ ಎಂಬ ಪದ. ಮಠದ ಶಾಲೆ ಯಾವ ಮಗುವಿಗಾಗಿ ಇರಬೇಕು ಎಂಬ ಪ್ರಶ್ನೆ ಮಾತ್ರ ಎಲ್ಲಿಯೂ ಕಾಣಲಿಲ್ಲ. ಅದಕ್ಕೆ ಉತ್ತರ ನಿಶ್ಚಯವಾಗದೆ ಮಾಡುವ ಉಳಿದ ಖರ್ಚೆಲ್ಲ ಪಕ್ಕದ ಶಾಲೆಯನ್ನು ನೋಡಿ ಮಾಡುವ ಖರ್ಚೇ ಆಗಿಬಿಡುತ್ತದೆ.

ನಮ್ಮ ಹಿರಿಯ ಸ್ವಾಮಿಗಳಿಗೆ ಆ ಉತ್ತರ ಸ್ಪಷ್ಟವಾಗಿತ್ತು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಪ್ರಸಾದ ನಿಲಯ ನಡೆಸಿದ್ದು, ಪಟ್ಟಣಕ್ಕೆ ಬಂದು ಓದಬೇಕೆಂದರೂ ಊಟಕ್ಕೂ ನೆರಳಿಗೂ ಗತಿಯಿಲ್ಲದ ಹಳ್ಳಿಯ ಹುಡುಗರಿಗಾಗಿ. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹವನ್ನು ದಶಕಗಳ ಕಾಲ ನಡೆಸಿದರು. 2019ರ ಜನವರಿ 21ರಂದು ಅವರು ಲಿಂಗೈಕ್ಯರಾದಾಗ ಅಲ್ಲಿ ಎಲ್ಲ ಜಾತಿ, ಮತಗಳ ಸಾವಿರಾರು ಮಕ್ಕಳು ಉಚಿತವಾಗಿ ಉಂಡು ಓದುತ್ತಿದ್ದರು. ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1954ರಲ್ಲಿ ಜೆಎಸ್‌ಎಸ್ ಮಹಾವಿದ್ಯಾಪೀಠವನ್ನು ಸ್ಥಾಪಿಸಿದರು. ಆ ಸಂಸ್ಥೆ ಇಂದು ವೈದ್ಯಕೀಯ, ತಾಂತ್ರಿಕ ಶಿಕ್ಷಣದವರೆಗೆ ಬೆಳೆದಿದ್ದರೂ ಸುತ್ತೂರಿನಲ್ಲಿ ಉಚಿತ ವಸತಿ ಶಾಲೆಯನ್ನು ಉಳಿಸಿಕೊಂಡಿದೆ. ಬೇರೆ ಯಾರೂ ಕರೆಯದ ಮಗುವನ್ನು ಕರೆದು ಕೂರಿಸಿಕೊಂಡಿದ್ದರಿಂದಲೇ ಜನ ಮಠದ ಶಾಲೆಯನ್ನು ನಂಬಿದರು, ಕಾಣಿಕೆ ಕೊಟ್ಟರು, ಜಮೀನು ಬರೆದುಕೊಟ್ಟರು.

ಇಂದು ಆ ಮಗುವನ್ನು ಕರೆಯುವವರು ಬಹಳ ಮಂದಿ ಇದ್ದಾರೆ, ಮತ್ತು ಇದು ಸಂತೋಷಪಡಬೇಕಾದ ಸಂಗತಿ. ಮೊರಾರ್ಜಿ ದೇಸಾಯಿ ವಸತಿ ಶಾಲೆ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ, ನವೋದಯ, ಆದರ್ಶ ವಿದ್ಯಾಲಯಗಳು ಬುದ್ಧಿವಂತ ಬಡ ಮಗುವನ್ನು ಆರನೇ ತರಗತಿಯಲ್ಲೇ ಪ್ರವೇಶ ಪರೀಕ್ಷೆ ನಡೆಸಿ ಆರಿಸಿಕೊಳ್ಳುತ್ತವೆ. 2002ರಲ್ಲಿ ಶುರುವಾದ ಅಕ್ಷರ ದಾಸೋಹದಿಂದ ಸರ್ಕಾರಿ ಶಾಲೆಯಲ್ಲೂ ಮಧ್ಯಾಹ್ನ ಬಿಸಿಯೂಟ ಸಿಗುತ್ತದೆ. 2018-19ರಿಂದ ಬಂದ ಕರ್ನಾಟಕ ಪಬ್ಲಿಕ್ ಶಾಲೆಗಳು ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಅಂಗಳದಲ್ಲಿ ಕಲಿಸುತ್ತವೆ, ಅವುಗಳ ಸಂಖ್ಯೆಯೂ ಏರುತ್ತಿದೆ. 2019-20ರಲ್ಲಿ ಸರ್ಕಾರ ತನ್ನ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆಯಿತು. ಇನ್ನೊಂದು ಬದಿಯಲ್ಲಿ, ತಾಲ್ಲೂಕು ಕೇಂದ್ರದ ಸುತ್ತ ಹೊಲಗಳಲ್ಲಿ ಎದ್ದಿರುವ ಖಾಸಗಿ ಶಾಲೆಗಳ ಹಳದಿ ಬಸ್ಸುಗಳು ಬೆಳಿಗ್ಗೆ ಏಳು ಗಂಟೆಗೆಲ್ಲ ಹಳ್ಳಿಯ ಅರಳಿಕಟ್ಟೆಯ ಮುಂದೆ ನಿಂತಿರುತ್ತವೆ.

ಇದರ ಜೊತೆಗೆ ಮಕ್ಕಳೇ ಕಡಿಮೆಯಾಗಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಟ್ಟು ಫಲವತ್ತತೆ ದರ 1.7. ಜನಸಂಖ್ಯೆ ಇದ್ದಷ್ಟೇ ಉಳಿಯಬೇಕಾದರೂ ಅದು 2.1 ಇರಬೇಕು. ಹೋದ ತಲೆಮಾರಿನಲ್ಲಿ ಮನೆಗೆ ನಾಲ್ಕು ಮಕ್ಕಳಿದ್ದ ಹಳ್ಳಿಯಲ್ಲಿ ಈಗ ಒಬ್ಬರೋ ಇಬ್ಬರೋ ಇದ್ದಾರೆ. ಹತ್ತು ವರ್ಷದ ನಂತರ ಒಂಬತ್ತನೇ ತರಗತಿಗೆ ಬರಬೇಕಾದ ಮಕ್ಕಳು ಈಗಾಗಲೇ ಹುಟ್ಟಿದ್ದಾರೆ. ಅವರು ಎಷ್ಟು ಮಂದಿ ಎಂಬುದು ಅಂಗನವಾಡಿಯ ದಾಖಲೆಯಲ್ಲಿ ಸಿಗುತ್ತದೆ. ಇಪ್ಪತ್ತು ಕೊಠಡಿಯ ಹೊಸ ಕಟ್ಟಡಕ್ಕೆ ಬ್ಯಾಂಕಿನಲ್ಲಿ ಸಾಲ ಎತ್ತುವ ಮೊದಲು ನಿಮ್ಮ ಕಾರ್ಯದರ್ಶಿಗಳು ಸುತ್ತಲಿನ ಹಳ್ಳಿಗಳ ಅಂಗನವಾಡಿಗಳಿಗೆ ಒಮ್ಮೆ ಹೋಗಿ ಬರಲಿ.

ಇನ್ನು ನನ್ನನ್ನು ಹೆಚ್ಚು ನೋಯಿಸುವ ಮಾತಿಗೆ ಬರುತ್ತೇನೆ. ಮಠದ ಕನ್ನಡ ಶಾಲೆಗೆ ಎಲ್ಲಕ್ಕಿಂತ ಬಲವಾದ ಪೈಪೋಟಿ ಕೊಡುತ್ತಿರುವುದು ಮಠದ್ದೇ ಇನ್ನೊಂದು ಶಾಲೆ. ಎಷ್ಟೋ ಊರುಗಳಲ್ಲಿ ಈ ದೃಶ್ಯ ಕಾಣುತ್ತದೆ. ಒಂದೇ ಆವರಣ, ಒಂದೇ ಸಂಸ್ಥೆ. ಮುಂಭಾಗದಲ್ಲಿ ದೊಡ್ಡ ಕಮಾನು, ಬಣ್ಣದ ಗೋಡೆ, ಹುಲ್ಲುಹಾಸು ಇರುವ ಇಂಗ್ಲಿಷ್ ಮಾಧ್ಯಮ ಶಾಲೆ. ಹಿಂಭಾಗದಲ್ಲಿ ಹೆಂಚು ಒಡೆದ, ಮಳೆ ಬಂದರೆ ಬೆಂಚು ಸರಿಸಿಕೊಂಡು ಕೂರಬೇಕಾದ ಅನುದಾನಿತ ಕನ್ನಡ ಶಾಲೆ. ಅನುದಾನಿತ ಶಾಲೆಯ ಶಿಕ್ಷಕರಿಗೆ ಸರ್ಕಾರ ಸಂಬಳ ಕೊಡುತ್ತದೆ, ಆದ್ದರಿಂದ ಅದಕ್ಕೆ ಮಠದ ಹಣ ಬೇಕಿಲ್ಲ ಎಂಬ ಭಾವನೆ ಆಡಳಿತದಲ್ಲಿ ಬೇರೂರಿದೆ. ಶಿಕ್ಷಕರೊಬ್ಬರು ನಿವೃತ್ತರಾದರೆ ಆ ಹುದ್ದೆಯನ್ನು ತುಂಬಲು ಇಲಾಖೆಯ ಅನುಮತಿ ವರ್ಷಗಟ್ಟಲೆ ಬರುವುದಿಲ್ಲ. ಗಣಿತದ ಶಿಕ್ಷಕರಿಲ್ಲದೆ ಎರಡು ವರ್ಷ ಕಳೆಯುತ್ತದೆ, ಫಲಿತಾಂಶ ಇಳಿಯುತ್ತದೆ, ಪೋಷಕರು ಟಿ.ಸಿ. ಕೇಳುತ್ತಾರೆ. ಮಕ್ಕಳ ಸಂಖ್ಯೆ ಕನಿಷ್ಠ ಮಿತಿಗಿಂತ ಕೆಳಗೆ ಹೋದರೆ ಅನುದಾನಕ್ಕೇ ಕುತ್ತು. ಆಗ ಸಭೆಯಲ್ಲಿ ‘ಕನ್ನಡ ಶಾಲೆಗೆ ಮಕ್ಕಳು ಬರುವುದಿಲ್ಲ’ ಎಂಬ ಒಂದು ಸಾಲಿನ ತೀರ್ಮಾನ ದಾಖಲಾಗುತ್ತದೆ.

ಮಕ್ಕಳು ಬರದಿರುವುದಕ್ಕೆ ಒಂದು ಸರಳ ಕಾರಣವೂ ಇದೆ. ಪೋಷಕರು ಶಾಲೆಯನ್ನು ಆರಿಸುವುದು ಮಗುವಿಗೆ ನಾಲ್ಕು ವರ್ಷ ತುಂಬುವ ಹೊತ್ತಿಗೆ, ಎಲ್‌ಕೆಜಿಗೆ. ನಮ್ಮ ಅನುದಾನಿತ ಪ್ರಾಥಮಿಕ ಶಾಲೆಗಳು ಒಂದನೇ ತರಗತಿಯಿಂದ, ಪ್ರೌಢಶಾಲೆಗಳು ಎಂಟರಿಂದ ಆರಂಭವಾಗುತ್ತವೆ. ನಾವು ಬಾಗಿಲು ತೆರೆಯುವ ಹೊತ್ತಿಗೆ ಮಗು ಎರಡು ವರ್ಷದಿಂದ ಬೇರೊಂದು ಶಾಲೆಯ ಬಸ್ಸಿನಲ್ಲಿ ಹೋಗಿಬರುತ್ತಿರುತ್ತದೆ. ಅಲ್ಲಿ ಅದಕ್ಕೆ ಗೆಳೆಯರಿದ್ದಾರೆ, ಪರಿಚಯದ ಟೀಚರ್ ಇದ್ದಾರೆ. ಅಲ್ಲಿಂದ ಬಿಡಿಸಿ ತರುವುದು ಯಾವ ದಾಖಲಾತಿ ಆಂದೋಲನಕ್ಕೂ ಸುಲಭವಲ್ಲ. ಅನುದಾನಿತ ಶಾಲೆಯ ಪಕ್ಕದಲ್ಲೇ ಎರಡು ಕೊಠಡಿಯ ಪೂರ್ವ ಪ್ರಾಥಮಿಕ ವಿಭಾಗವನ್ನು ಅನುಮತಿ ಪಡೆದು ಮಠದ ಸ್ವಂತ ಹಣದಿಂದ ತೆರೆಯಿರಿ. ಆಟ, ಹಾಡು, ಕಥೆಗಳ ಮೂಲಕ ಕನ್ನಡವನ್ನೂ ಇಂಗ್ಲಿಷನ್ನೂ ಕಿವಿಗೆ ಹಾಕುವ, ಮಕ್ಕಳ ಮೇಲೆ ಅಕ್ಕರೆ ಇರುವ ಇಬ್ಬರು ಶಿಕ್ಷಕಿಯರನ್ನು ನೇಮಿಸಿ, ಅವರಿಗೆ ಮರ್ಯಾದೆಯ ಸಂಬಳ ಕೊಡಿ. ಹತ್ತು ಕೋಟಿಯ ಕಟ್ಟಡಕ್ಕಿಂತ ಈ ಎರಡು ಕೊಠಡಿಗಳಿಂದ ಶಾಲೆಗೆ ಹೆಚ್ಚು ಮಕ್ಕಳು ಬರುತ್ತಾರೆ ಎಂದು ನಾನು ನಂಬಿದ್ದೇನೆ.

ಇಂಗ್ಲಿಷಿನ ವಿಷಯದಲ್ಲಿ ಪೋಷಕರನ್ನು ದೂರುವುದನ್ನು ನಾವು ನಿಲ್ಲಿಸಬೇಕು. ಮಾಧ್ಯಮದ ಆಯ್ಕೆ ಪೋಷಕರದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿಯಾಗಿದೆ. ಆಟೊ ಓಡಿಸುವ ತಂದೆ, ಗಾರ್ಮೆಂಟ್ಸ್‌ಗೆ ಹೋಗುವ ತಾಯಿ ತಮ್ಮ ಮಗು ಇಂಗ್ಲಿಷ್ ಕಲಿಯಲಿ ಎಂದು ಬಯಸುವುದರಲ್ಲಿ ಭಾಷಾದ್ರೋಹವೇನೂ ಇಲ್ಲ. ಅವರು ದುಡಿಮೆಯ ಜಾಗದಲ್ಲಿ ದಿನವೂ ನೋಡುವುದನ್ನು ನೋಡಿ ಆ ತೀರ್ಮಾನಕ್ಕೆ ಬಂದಿದ್ದಾರೆ. ಆದರೆ ಅವರು ಶುಲ್ಕ ತೆತ್ತು ಕಳಿಸುವ ಎಷ್ಟೋ ಶಾಲೆಗಳಲ್ಲಿ ಮಗು ಇಂಗ್ಲಿಷಿನಲ್ಲಿ ಉತ್ತರವನ್ನು ಬಾಯಿಪಾಠ ಮಾಡುತ್ತದೆ, ತನ್ನದೊಂದು ವಾಕ್ಯ ಕಟ್ಟಲಾರದು, ಕನ್ನಡದ ದಿನಪತ್ರಿಕೆಯನ್ನೂ ಓದಲಾರದು. ಎಂಟನೇ ತರಗತಿಗೆ ಅಂಥ ಶಾಲೆಗಳಿಂದ ಬಂದ ಮಕ್ಕಳನ್ನು ನಾನು ವರ್ಷವರ್ಷವೂ ಸೇತುಬಂಧದಲ್ಲಿ, ಅಂದರೆ ಹಿಂದಿನ ಪಾಠದ ಕೊರತೆ ತುಂಬುವ ತರಗತಿಯಲ್ಲಿ, ಕೂರಿಸಿಕೊಂಡು ಕಾಗುಣಿತದಿಂದ ಶುರುಮಾಡಿದ್ದೇನೆ.

ಮಠದ ಶಾಲೆ ಪೋಷಕರಿಗೆ ಒಂದು ಗಟ್ಟಿಯಾದ ಮಾತು ಕೊಡಬಹುದು: ನಮ್ಮಲ್ಲಿ ಏಳನೇ ತರಗತಿ ಮುಗಿಸುವ ಮಗು ಕನ್ನಡದಲ್ಲಿ ಯಾವ ಪುಸ್ತಕವನ್ನಾದರೂ ಸಲೀಸಾಗಿ ಓದುತ್ತದೆ, ಇಂಗ್ಲಿಷಿನಲ್ಲಿ ಐದು ನಿಮಿಷ ಅಂಜದೆ ಮಾತನಾಡುತ್ತದೆ, ಭಿನ್ನರಾಶಿ ಮತ್ತು ಶೇಕಡಾ ಲೆಕ್ಕವನ್ನು ಅರ್ಥಮಾಡಿಕೊಂಡು ಮಾಡುತ್ತದೆ. ಇದನ್ನು ಪೋಷಕರು ತಾವೇ ಮನೆಯಲ್ಲಿ ಪರೀಕ್ಷಿಸಿ ನೋಡಬಹುದು. ಹೀಗೆ ಮಾತು ಕೊಡುವ ಧೈರ್ಯ ಬರಬೇಕಾದರೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಭಾಷೆಗೆ ಪ್ರತ್ಯೇಕ ಶಿಕ್ಷಕರು ಬೇಕು. ಕನ್ನಡ ಮಾಧ್ಯಮಕ್ಕೆ ಅನುಮತಿ ಪಡೆದು ಒಳಗೊಳಗೇ ಇಂಗ್ಲಿಷಿನಲ್ಲಿ ಪಾಠ ಮಾಡುವ ಅಡ್ಡದಾರಿ ಹಿಡಿದ ಸಂಸ್ಥೆಗಳಿವೆ. ಮಠದ ಹೆಸರಿನಲ್ಲಿ ಅದು ಆಗಕೂಡದು. ಒಂದನೇ ತರಗತಿಯ ಮಗುವಿನ ದಾಖಲೆಯಲ್ಲೇ ಸುಳ್ಳು ಬರೆದ ಮೇಲೆ ಸಂಜೆಯ ಪ್ರಾರ್ಥನೆಯಲ್ಲಿ ‘ಹುಸಿಯ ನುಡಿಯಲು ಬೇಡ’ ಎಂದು ಅದೇ ಮಗುವಿನಿಂದ ಹೇಳಿಸುವುದು ಹೇಗೆ?

ಅನುದಾನಿತ ಕನ್ನಡ ಶಾಲೆಗೆ ಇರುವ ಕೆಲವು ಅನುಕೂಲಗಳನ್ನು ನಾವು ಪೋಷಕರಿಗೆ ತಿಳಿಸುವುದೇ ಇಲ್ಲ ಎಂಬುದು ನನಗೆ ಆಶ್ಚರ್ಯ ತರುತ್ತದೆ. ಎಂಟನೇ ತರಗತಿಯ ಮಕ್ಕಳಿಗೆ ನಡೆಯುವ ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಆಯ್ಕೆಯಾದ ಮಗುವಿಗೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಈ ಪರೀಕ್ಷೆ ಸರ್ಕಾರಿ, ಸ್ಥಳೀಯ ಸಂಸ್ಥೆಗಳ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಮಾತ್ರ. ಅನುದಾನರಹಿತ ಖಾಸಗಿ ಶಾಲೆಯ ಮಗು ಎಷ್ಟೇ ಬಡವನಾದರೂ ಬರೆಯುವಂತಿಲ್ಲ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಮೂಲಕ ವೃತ್ತಿಪರ ಕೋರ್ಸಿಗೆ ಸೇರುವಾಗ ಶೇ 5ರಷ್ಟು ಸೀಟು, ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15ರಷ್ಟು ಮೀಸಲಿದೆ. ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲೂ ಕನ್ನಡ ಮಾಧ್ಯಮದವರಿಗೆ ಶೇ 5ರ ಮೀಸಲಾತಿ ಇದೆ. ಇಷ್ಟನ್ನು ಒಂದು ಕರಪತ್ರದಲ್ಲಿ ಅಚ್ಚು ಹಾಕಿಸಿ ಏಪ್ರಿಲ್‌ನಲ್ಲೇ ಹಳ್ಳಿಗಳಲ್ಲಿ ಹಂಚಿದ ಶಾಲೆಗಳು ವಿರಳ. ಎಂಟನೇ ತರಗತಿಗೆ ಜುಲೈನಿಂದಲೇ ಎನ್‌ಎಂಎಂಎಸ್‌ಗೆ ಸಂಜೆ ತರಗತಿ ನಡೆಸಿದರೆ, ಆಯ್ಕೆಯಾದ ಮಕ್ಕಳ ಮನೆಗಳೇ ಶಾಲೆಯ ಬಗ್ಗೆ ಊರಿಗೆ ಹೇಳುತ್ತವೆ.

ಶಿಕ್ಷಕರ ವಿಷಯದಲ್ಲಿ ಕಟುವಾಗಿ ಹೇಳಬೇಕಾಗಿದೆ. ಮಠದ ಅನುದಾನರಹಿತ ವಿಭಾಗಗಳಲ್ಲಿ ಬಿ.ಎಡ್. ಮುಗಿಸಿದ ಹೆಣ್ಣುಮಕ್ಕಳು ಗಾರೆ ಕೆಲಸದ ಕೂಲಿಗಿಂತ ಕಡಿಮೆ ಸಂಬಳಕ್ಕೆ ದುಡಿಯುತ್ತಿದ್ದಾರೆ. ‘ಸೇವೆ ಎಂದು ತಿಳಿದು ಮಾಡಿ’ ಎಂಬ ಮಾತನ್ನು ಅವರ ಸಂಬಳಕ್ಕೆ ಬದಲಾಗಿ ಬಳಸಲಾಗುತ್ತಿದೆ. ಕಾಯಕಕ್ಕೆ ತಕ್ಕ ಪ್ರತಿಫಲ ಕೊಡದೆ ಕಾಯಕದ ಹಿರಿಮೆಯನ್ನು ಬೋಧಿಸುವುದು ಶರಣರ ಹೆಸರಿಗೆ ಒಪ್ಪುವುದಿಲ್ಲ. ಹೀಗೆ ದುಡಿದವರು ಒಂದೆರಡು ವರ್ಷಕ್ಕೆ ಬಿಟ್ಟುಹೋಗುತ್ತಾರೆ. ಪಕ್ಕದ ಶಾಲೆ ಎರಡು ಸಾವಿರ ಹೆಚ್ಚು ಕೊಟ್ಟರೂ ಸಾಕು, ಹೋಗುತ್ತಾರೆ. ಪ್ರತಿ ಜೂನ್‌ನಲ್ಲಿ ಹೊಸ ಮುಖ ಕಂಡ ಮಗು ಯಾರನ್ನು ನೆಚ್ಚಬೇಕು? ಐದು ವರ್ಷದ ಯೋಜನೆಯ ಮೊದಲ ಪುಟದಲ್ಲಿ ಶಿಕ್ಷಕರ ಸಂಬಳದ ಶ್ರೇಣಿ ಇರಲಿ. ಭವಿಷ್ಯ ನಿಧಿ, ಇಎಸ್‌ಐ, ಹೆರಿಗೆ ರಜೆ ಇರಲಿ. ಅನುದಾನಿತ ಶಾಲೆಯಲ್ಲಿ ತೆರವಾದ ಹುದ್ದೆಗೆ ಸರ್ಕಾರದ ಅನುಮತಿ ಬರುವ ತನಕ ಮಠದ ಖರ್ಚಿನಲ್ಲಿ ಅರ್ಹ ಶಿಕ್ಷಕರನ್ನು ತಕ್ಷಣ ನೇಮಿಸುವ ನಿಧಿಯೊಂದನ್ನು ತೆಗೆದಿಡಿ. ಇದೊಂದು ಆದರೆ ಹಿಂಭಾಗದ ಶಾಲೆಯ ಕುಸಿತ ಅರ್ಧಕ್ಕೆ ನಿಲ್ಲುತ್ತದೆ.

ವಸತಿ ನಿಲಯಗಳಿರುವ ಮಠಗಳಿಗೆ ಇನ್ನೊಂದು ಮಾತು ಹೇಳಬೇಕು. ಹಿಂದೆ ತಾಯಂದಿರು ಮಗುವನ್ನು ಮಠದಲ್ಲಿ ಬಿಟ್ಟರೆ ದೇವರ ಮಡಿಲಲ್ಲಿ ಬಿಟ್ಟಂತೆ ಎಂದು ನೆಮ್ಮದಿಯಿಂದ ಹಿಂದಿರುಗುತ್ತಿದ್ದರು. ಈಗ ಅವರು ಪ್ರಶ್ನೆ ಕೇಳುತ್ತಾರೆ, ಕೇಳಲೇಬೇಕು. ರಾತ್ರಿ ಮಕ್ಕಳ ಜೊತೆ ಯಾರಿರುತ್ತಾರೆ, ಹೆಣ್ಣುಮಕ್ಕಳ ನಿಲಯದಲ್ಲಿ ಮಹಿಳಾ ಮೇಲ್ವಿಚಾರಕರು ಇದ್ದಾರೆಯೇ, ಮಗುವಿಗೆ ಮನೆಗೆ ಫೋನ್ ಮಾಡುವ ಅವಕಾಶ ಇದೆಯೇ? ಪೋಕ್ಸೊ ಕಾಯ್ದೆ 2012ರಿಂದ ಇದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದ ಸುಳಿವು ಸಿಕ್ಕವರು ಪೊಲೀಸರಿಗೆ ತಿಳಿಸದಿದ್ದರೆ ಅದೇ ಒಂದು ಅಪರಾಧ. ಸಂಸ್ಥೆಯ ಹೆಸರು ಕೆಡುತ್ತದೆ ಎಂದು ಒಳಗೇ ಇತ್ಯರ್ಥ ಮಾಡುವ ಹಳೆಯ ಪದ್ಧತಿ ಕಾನೂನಿಗೂ ವಿರುದ್ಧ, ಧರ್ಮಕ್ಕೂ ವಿರುದ್ಧ. ಮಠಕ್ಕೆ ಸಂಬಂಧವಿಲ್ಲದ ಒಬ್ಬ ವೈದ್ಯೆ, ಒಬ್ಬ ವಕೀಲೆ ಮತ್ತು ಪೋಷಕರಿರುವ ಸಮಿತಿಯನ್ನು ಮಾಡಿ, ಅದು ತಿಂಗಳಿಗೊಮ್ಮೆ ಮುನ್ಸೂಚನೆ ಇಲ್ಲದೆ ನಿಲಯಕ್ಕೆ ಬರಲಿ, ಮಕ್ಕಳ ಜೊತೆ ಏಕಾಂತದಲ್ಲಿ ಮಾತನಾಡಲಿ. ಪ್ರತಿ ಮಹಡಿಯ ಗೋಡೆಯ ಮೇಲೆ ಮಕ್ಕಳ ಸಹಾಯವಾಣಿಯ 1098 ಸಂಖ್ಯೆ ಮಗುವಿನ ಕಣ್ಣಳತೆಯಲ್ಲಿ ಇರಲಿ. ಪೀಠದಲ್ಲಿರುವವರೂ ಸೇರಿದಂತೆ ಯಾರೂ ಈ ನಿಯಮಕ್ಕೆ ಹೊರತಾಗದಿರಲಿ. ಹತ್ತಿರದ ಸರ್ಕಾರಿ ವಸತಿ ಶಾಲೆಗಿಂತ ಮಠದ ನಿಲಯ ಹೆಚ್ಚು ಸುರಕ್ಷಿತ ಎಂದು ತಾಯಿಯೊಬ್ಬಳಿಗೆ ಅನಿಸದಿದ್ದರೆ ಉಳಿದ ಯಾವ ಯೋಜನೆಯೂ ಫಲಿಸದು.

ಧರ್ಮಬೋಧನೆಯನ್ನು ಬಿಟ್ಟರೆ ಹೆಚ್ಚು ಮಕ್ಕಳು ಬರುತ್ತಾರೆ ಎಂದು ಕೆಲವು ಸಲಹೆಗಾರರು ಹೇಳುತ್ತಿದ್ದಾರಂತೆ. ನಾನು ಒಪ್ಪುವುದಿಲ್ಲ. ಬೆಳಿಗ್ಗೆ ಒಂದು ವಚನ, ಉಣ್ಣುವ ಮೊದಲು ಒಂದು ನಿಮಿಷದ ಮೌನ, ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಊಟ, ತಾನುಂಡ ತಟ್ಟೆಯನ್ನು ತಾನೇ ತೊಳೆಯುವುದು, ಇವನ್ನೆಲ್ಲ ಶುಲ್ಕ ಕಟ್ಟಿ ಎಲ್ಲಿಯೂ ಕೊಳ್ಳಲಾಗುವುದಿಲ್ಲ. ನಮ್ಮ ಶಾಲೆಯಲ್ಲಿ ಮುಸ್ಲಿಂ ಮಕ್ಕಳು, ಕ್ರೈಸ್ತ ಮಕ್ಕಳು, ಎಲ್ಲ ಜಾತಿಯ ಮಕ್ಕಳು ಓದಿದ್ದಾರೆ. ವಚನಗಳನ್ನು ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಪಿಂಜಾರರ ಮನೆಯವಳು. ಸಂವಿಧಾನದ 28ನೇ ವಿಧಿ ಹೇಳುವಂತೆ, ಸರ್ಕಾರದ ಅನುದಾನ ಪಡೆಯುವ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಯಾವ ಮಗುವನ್ನೂ ಧಾರ್ಮಿಕ ಬೋಧನೆಗೆ ಒತ್ತಾಯಿಸುವಂತಿಲ್ಲ. ಈ ನಿಯಮವನ್ನು ಪ್ರವೇಶದ ದಿನವೇ ಪೋಷಕರಿಗೆ ತಿಳಿಸಿ. ಒತ್ತಾಯ ಇಲ್ಲ ಎಂದು ಗೊತ್ತಾದ ಮನೆಗಳೇ ನಂಬಿ ಮಕ್ಕಳನ್ನು ಕಳಿಸುತ್ತವೆ. ಇತ್ತೀಚೆಗೆ ಕೆಲವು ಕಡೆ ಮಠದ ಶಾಲೆ ಒಂದು ಸಮುದಾಯದ, ಅದರಲ್ಲೂ ಒಂದು ಒಳಪಂಗಡದ ಶಾಲೆಯಾಗಿ ಕುಗ್ಗುತ್ತಿರುವುದು ನನ್ನನ್ನು ಕಳವಳಗೊಳಿಸಿದೆ. ಮಕ್ಕಳು ಕಡಿಮೆಯಾಗುತ್ತಿರುವ ಕಾಲದಲ್ಲಿ ಬಾಗಿಲನ್ನು ಕಿರಿದು ಮಾಡಿಕೊಳ್ಳುವುದು ಲೌಕಿಕ ಲೆಕ್ಕಾಚಾರದಲ್ಲೂ ತಪ್ಪು.

ಫಲಿತಾಂಶದ ಜಾಹೀರಾತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ರಾಜ್ಯದ ಫಲಿತಾಂಶ 2023ರಲ್ಲಿ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಮೂಲಕ ನೇರ ನಿಗಾ) ಬಂದಾಗ, ಕೃಪಾಂಕ ಹೆಚ್ಚಿಸಿದ ಮೇಲೂ ಅದು 73.40ಕ್ಕೆ ಇಳಿಯಿತು. 2025ರಲ್ಲಿ 66.14. ನೂರಕ್ಕೆ ನೂರು ಫಲಿತಾಂಶಕ್ಕಾಗಿ ಒಂಬತ್ತನೇ ತರಗತಿಯಲ್ಲೇ ಹಿಂದುಳಿದ ಮಗುವಿಗೆ ಟಿ.ಸಿ. ಕೊಟ್ಟು ಕಳಿಸುವ ಅಭ್ಯಾಸ ಮಠದ ಯಾವ ಶಾಲೆಯಲ್ಲಿದ್ದರೂ ಇಂದೇ ನಿಲ್ಲಲಿ. ಆ ಮಗುವಿಗಾಗಿಯೇ ಈ ಶಾಲೆ ಹುಟ್ಟಿತ್ತು.

ಎಲ್ಲ ಶಾಲೆಗಳನ್ನೂ ಉಳಿಸಿಕೊಳ್ಳಲು ಆಗದು ಎಂಬುದೂ ನನಗೆ ಗೊತ್ತಿದೆ. ಹತ್ತು ಕಿಲೋಮೀಟರಿನೊಳಗೆ ಒಂದೇ ಸಂಸ್ಥೆಯ ಮೂರು ಪ್ರೌಢಶಾಲೆಗಳು ತರಗತಿಗೆ ಹನ್ನೆರಡು, ಹದಿನೈದು ಮಕ್ಕಳನ್ನು ಇಟ್ಟುಕೊಂಡು ಏದುಸಿರು ಬಿಡುವುದಕ್ಕಿಂತ, ಇಲಾಖೆಯ ಜೊತೆ ಮಾತನಾಡಿ ಒಂದನ್ನು ಗಟ್ಟಿ ಮಾಡಿ ಉಳಿದ ಹಳ್ಳಿಗಳಿಂದ ಉಚಿತ ಬಸ್ಸು ಓಡಿಸುವುದು ಮೇಲು. ಪಕ್ಕದ ಮಠದ ಶಾಲೆಯನ್ನು ಎದುರಾಳಿಯೆಂದು ನೋಡುವುದನ್ನೂ ಬಿಡಬೇಕು. ಎರಡು ಮಠಗಳು ಸೇರಿ ಒಬ್ಬ ಒಳ್ಳೆಯ ಭೌತಶಾಸ್ತ್ರದ ಶಿಕ್ಷಕರನ್ನು, ಒಂದು ಪ್ರಯೋಗಾಲಯವನ್ನು ಹಂಚಿಕೊಂಡರೆ ಯಾರ ಪೀಠದ ಗೌರವವೂ ಕಡಿಮೆಯಾಗದು. ಮುಚ್ಚಲೇಬೇಕಾದ ಶಾಲೆಯನ್ನು ಮೂರು ವರ್ಷ ಮುಂಚೆ ತಿಳಿಸಿ ಮುಚ್ಚಿ. ಮಕ್ಕಳನ್ನೂ ಶಿಕ್ಷಕರನ್ನೂ ಮೇ ತಿಂಗಳ ಕೊನೆಯಲ್ಲಿ ಬೀದಿಗೆ ಬಿಡಬೇಡಿ.

ಇದಕ್ಕೆಲ್ಲ ಹಣ ಎಲ್ಲಿಂದ ಎಂದು ಕೇಳುತ್ತೀರಿ. ಮುಂಭಾಗದ ಇಂಗ್ಲಿಷ್ ಮಾಧ್ಯಮ ಶಾಲೆಯನ್ನು ಮುಚ್ಚಿ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಉಳಿಯುವ ಹಣದಲ್ಲಿ ನಿಶ್ಚಿತ ಪಾಲೊಂದು ಹಿಂಭಾಗದ ಶಾಲೆಗೆ ಪ್ರತಿವರ್ಷ ಹೋಗಬೇಕೆಂದು ನಿಮ್ಮ ಸಂಸ್ಥೆಯ ನಿಯಮದಲ್ಲೇ ಬರೆಯಿರಿ. ಎರಡೂ ಶಾಲೆಯ ಮಕ್ಕಳಿಗೆ ಒಂದೇ ಗ್ರಂಥಾಲಯ, ಒಂದೇ ಮೈದಾನ, ಒಂದೇ ವಾರ್ಷಿಕೋತ್ಸವ ಇರಲಿ. ಹಳೆಯ ವಿದ್ಯಾರ್ಥಿಗಳು ಬೆಂಗಳೂರಿನಲ್ಲಿ, ಪುಣೆಯಲ್ಲಿ, ಅಮೆರಿಕದಲ್ಲಿ ಇದ್ದಾರೆ. ಕೊಡುವ ಮನಸ್ಸು ಅವರಿಗಿದೆ. ಕೊಟ್ಟದ್ದು ಕಮಾನಿಗೆ ಹೋಯಿತೋ ಮಕ್ಕಳಿಗೆ ಹೋಯಿತೋ ಎಂದು ತಿಳಿಯದೆ ಕೈ ಬಿಗಿಹಿಡಿದಿದ್ದಾರೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಮುಂದಿನ ಜಾತ್ರೆಯಲ್ಲಿ, ಸಾವಿರಾರು ಭಕ್ತರು ಸೇರಿರುವ ವೇದಿಕೆಯ ಮೇಲೆ, ಗಣ್ಯರ ಸನ್ಮಾನಕ್ಕೆ ಮೊದಲು ಅರ್ಧ ಗಂಟೆಯನ್ನು ಶಾಲೆಗಳಿಗೆ ಕೊಡಿ. ಪ್ರತಿ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ, ಹೋದ ವರ್ಷ ಎಷ್ಟು ಮಂದಿ ಬಿಟ್ಟುಹೋದರು, ಏಕೆ ಹೋದರು, ಎಷ್ಟು ಹುದ್ದೆ ಖಾಲಿ ಇವೆ, ಶಿಕ್ಷಕರಿಗೆ ಎಷ್ಟು ಸಂಬಳ, ಬಂದ ಕಾಣಿಕೆಯಲ್ಲಿ ಶಾಲೆಗೆ ಎಷ್ಟು ಹೋಯಿತು ಎಂಬುದನ್ನು ಮುಖ್ಯೋಪಾಧ್ಯಾಯರಿಂದಲೇ ಓದಿಸಿ. ಅದಕ್ಕೂ ಮೊದಲು, ಟಿ.ಸಿ. ಪಡೆದು ಹೋದ ಮಕ್ಕಳ ಮನೆಗಳಿಗೆ ಆಡಳಿತ ಮಂಡಳಿಯ ಸದಸ್ಯರೇ ಹೋಗಿ ಕಾರಣ ಕೇಳಿ ಬರೆದುಕೊಂಡು ಬನ್ನಿ. ಆ ಕಾಗದಗಳನ್ನು ಮುಂದಿಟ್ಟುಕೊಂಡು ಮುಂದಿನ ಯೋಜನೆಯ ಸಭೆಯನ್ನು ಆರಂಭಿಸಿ.

ಇಂತಿ ತಮ್ಮ ವಿಧೇಯ,
ಮಠದ ಶಾಲೆಯೊಂದರ ನಿವೃತ್ತ ಮುಖ್ಯೋಪಾಧ್ಯಾಯ